ಇಲ್ಲ ಎಂದು ಬರೆಯುವ ಮೊದಲು: ಪೆರ್ಲ ಕಡೆಯ ಒಂದು ಮಗುವಿನ ಪ್ರಕರಣ

ಮಗು ಗಂಡು. ತಿಂಗಳು ತುಂಬಿ ಹುಟ್ಟಿದ್ದು, ತೂಕವೂ ಸರಿ ಇತ್ತು. ಮನೆ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ, ಪೆರ್ಲ ಪೇಟೆಯಿಂದ ಒಳಗೆ. ಅಪ್ಪ ಅಡಿಕೆ ತೋಟಗಳಲ್ಲಿ ಮರ ಹತ್ತುವ, ಮದ್ದು ಬಿಡುವ ಕೆಲಸದವರು. ಅಮ್ಮ ಕನ್ನಡ ಮೀಡಿಯಂನಲ್ಲಿ ಹತ್ತನೇ ಕ್ಲಾಸಿನವರೆಗೆ ಓದಿದವರು. ಮನೆಯಲ್ಲಿ ತುಳು ಮಾತು. ಹೆರಿಗೆ ಆಸ್ಪತ್ರೆಯಲ್ಲೇ ಆಯಿತು. ಎರಡು ದಿನ ಕಳೆದು ಮನೆಗೆ ಕಳಿಸುವಾಗ ಮಗು ಇನ್ನೂ ಕಕ್ಕ ಮಾಡಿರಲಿಲ್ಲ. ಅದನ್ನು ಯಾರೂ ಬರೆದಿಡಲಿಲ್ಲ. ಮೂರನೇ ದಿನ ಅಜ್ಜಿ ಮೀಯಿಸುವಾಗ ಸ್ವಲ್ಪ ಕಪ್ಪಗಿನ ಕಕ್ಕ ಬಂತು. ಮನೆಯವರು ಸಮಾಧಾನ ಪಟ್ಟುಕೊಂಡರು.

ಏಳು ವಾರ ಕಳೆದು ಈ ಮಗುವಿನ ಕರುಳಿನ ಎರಡು ಸಣ್ಣ ತುಂಡುಗಳು ನಮ್ಮ ಲ್ಯಾಬಿಗೆ ಬಂದವು. ಮಕ್ಕಳ ಕರುಳಿನ ಕಾಯಿಲೆಗಳ ಬಗ್ಗೆ ಕೆಲಸ ಮಾಡುವ ಲ್ಯಾಬ್ ಇದು. ಮಂಗಳೂರಿನ ಒಂದು ಆಸ್ಪತ್ರೆಗೆ ಸೇರಿದ್ದು. ಕಾಸರಗೋಡಿನ ಉತ್ತರ ಭಾಗದವರಿಗೆ ದೊಡ್ಡ ಚಿಕಿತ್ಸೆ ಅಂದರೆ ಮಂಗಳೂರೇ ಅಲ್ವಾ? ಹಾಗಾಗಿ ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯವರು ತುಂಬ ಜನ. ಅಲ್ಲಿ ಕುಟುಂಬಗಳ ಜೊತೆ ಮಾತಾಡುವುದು, ಒಪ್ಪಿಗೆ ಪತ್ರ ಓದಿ ಹೇಳುವುದು, ಮನೆಗೆ ಹೋಗಿ ಮಗು ಹೇಗಿದೆ ಎಂದು ನೋಡಿಕೊಂಡು ಬರುವುದು ನನ್ನ ಕೆಲಸ. ಈ ಪ್ರಕರಣವನ್ನು ಬರೆಯಲು ಮಗುವಿನ ಅಪ್ಪ ಅಮ್ಮ ಒಪ್ಪಿದ್ದಾರೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಇದನ್ನು ಬರೆಯಲು ಕಾರಣ ಇಷ್ಟೇ. ಆಸ್ಪತ್ರೆಯ ಕತೆಗಳಲ್ಲಿ ಡಾಕ್ಟರು ಬರುತ್ತಾರೆ, ನರ್ಸ್ ಬರುತ್ತಾರೆ. ತುಂಡನ್ನು ಕೊಯ್ದು, ಬಣ್ಣ ಹಾಕಿ, ಗಂಟೆಗಟ್ಟಲೆ ನೋಡಿ ಹೇಳುವವರು ಬರುವುದೇ ಇಲ್ಲ. ಈ ಮಗುವಿನ ಮಟ್ಟಿಗೆ ಅವರು ಮಾಡಿದ ಅತಿ ಮುಖ್ಯ ಕೆಲಸ ಏನೆಂದರೆ, ಎಲ್ಲರೂ ಉತ್ತರ ಕೇಳುತ್ತಿದ್ದಾಗ ಉತ್ತರ ಕೊಡದೇ ಇದ್ದದ್ದು.

ತೊಟ್ಟು ಹೇಳಿದ ಸುಳಿವು

ಮೊದಲ ತಿಂಗಳಲ್ಲಿ ಮಗುವಿಗೆ ಹೊಟ್ಟೆ ಉಬ್ಬರ. ಹಾಲು ಕುಡಿದ ಮೇಲೆ ಕೆಲವು ಸಲ ಹಸಿರು ವಾಂತಿ. ನಾಲ್ಕೈದು ದಿನಕ್ಕೊಮ್ಮೆ ಕಕ್ಕ. ಮನೆಯಲ್ಲಿ ಬಜೆ ತೇದು ನೆಕ್ಕಿಸಿದರು, ಹೊಕ್ಕುಳ ಸುತ್ತ ಇಂಗು ಹಚ್ಚಿದರು, ಓಮದ ನೀರು ಕೊಟ್ಟರು. ಯಾವುದಕ್ಕೂ ಜಗ್ಗದಿದ್ದಾಗ ಅಜ್ಜಿ ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಮಗುವಿನ ಹಿಂಭಾಗಕ್ಕೆ ಮೆಲ್ಲಗೆ ಇಟ್ಟರು. ಕರಾವಳಿಯ ಅಜ್ಜಿಯಂದಿರಿಗೆಲ್ಲ ಗೊತ್ತಿರುವ ಉಪಾಯ ಇದು. ತೊಟ್ಟು ತೆಗೆದ ಕೂಡಲೇ ಗಾಳಿಯ ಜೊತೆ ಕಕ್ಕ ಒಮ್ಮೆಲೇ ಚಿಮ್ಮಿ ಬಂತು. ಹೊಟ್ಟೆ ಇಳಿಯಿತು. ಮಗು ನಿದ್ದೆ ಮಾಡಿತು. ಮತ್ತೆ ನಾಲ್ಕು ದಿನಕ್ಕೆ ಅದೇ ಕತೆ.

ಮಂಗಳೂರಿನಲ್ಲಿ ಮಕ್ಕಳ ಸರ್ಜನ್ ಈ ವಿಷಯವನ್ನು ಕೇಳಿದ್ದೇ ಕಿವಿ ನೆಟ್ಟಗೆ ಮಾಡಿದರು. ಅಜ್ಜಿಗೆ ಹೆದರಿಕೆ ಇತ್ತು, ಬೈಯುತ್ತಾರೇನೋ ಎಂದು. ಬೈಯಲಿಲ್ಲ. "ಚಿಮ್ಮಿ ಬಂತಾ ಅಜ್ಜಿ? ಪ್ರತಿ ಸಲವೂ ಹಾಗೇ ಬಂತಾ?" ಎಂದು ಎರಡು ಸಲ ಕೇಳಿ ಬರೆದುಕೊಂಡರು. ಡಾಕ್ಟರ ಬೆರಳು ಪರೀಕ್ಷೆಯಲ್ಲೂ ಇದೇ ಲಕ್ಷಣವನ್ನು ಹುಡುಕುತ್ತಾರೆ. ಕೊನೆಯ ಭಾಗ ಬಿಗಿಯಾಗಿದ್ದು, ಅದನ್ನು ಸ್ವಲ್ಪ ತೆರೆದ ಕೂಡಲೇ ಮೇಲೆ ಕಟ್ಟಿಕೊಂಡದ್ದೆಲ್ಲ ಒತ್ತಡದಿಂದ ಬಂದರೆ ಒಂದು ಕಾಯಿಲೆಯ ಅನುಮಾನ ಬರುತ್ತದೆ. ಅದರ ಹೆಸರು ಹಿರ್ಷ್‌ಸ್ಪ್ರುಂಗ್ ಕಾಯಿಲೆ. ಹರಾಲ್ಡ್ ಹಿರ್ಷ್‌ಸ್ಪ್ರುಂಗ್ ಎಂಬ ಡೆನ್ಮಾರ್ಕಿನ ಮಕ್ಕಳ ಡಾಕ್ಟರು 1886ರಲ್ಲಿ ಬರ್ಲಿನ್ನಿನ ಸಭೆಯೊಂದರಲ್ಲಿ ಇದನ್ನು ವಿವರಿಸಿದ್ದರು. ಸುಮಾರು 5000 ಹೆರಿಗೆಗೆ ಒಂದು ಮಗುವಿಗೆ ಬರುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಸುಮಾರು ನಾಲ್ಕು ಪಟ್ಟು ಜಾಸ್ತಿ.

ಕರುಳು ತನ್ನಷ್ಟಕ್ಕೆ ಹಿಂಡಿ, ಸಡಿಲವಾಗಿ, ಒಳಗಿದ್ದದ್ದನ್ನು ಮುಂದಕ್ಕೆ ತಳ್ಳುತ್ತದೆ. ಅದಕ್ಕೆ ಕರುಳಿನ ಗೋಡೆಯೊಳಗೇ ನರಕೋಶಗಳ ಗುಂಪುಗಳಿವೆ. ಲ್ಯಾಬಿನಲ್ಲಿ ಅವನ್ನು ಗ್ಯಾಂಗ್ಲಿಯಾನ್ ಕೋಶ ಎನ್ನುತ್ತೇವೆ. ಮಗು ಹೊಟ್ಟೆಯಲ್ಲಿರುವಾಗ, ಮೊದಲ ಮೂರು ತಿಂಗಳೊಳಗೆ, ಈ ಕೋಶಗಳು ಮೇಲಿನಿಂದ ಕೆಳಕ್ಕೆ ಕರುಳಿನ ಉದ್ದಕ್ಕೂ ಸಾಗಿ ಬರುತ್ತವೆ. ಕರೆಂಟಿನ ಲೈನ್ ಎಳೆಯುತ್ತಾ ಬಂದವರು ಕೊನೆಯ ನಾಲ್ಕು ಮನೆ ಇರುವಾಗಲೇ ಕೆಲಸ ನಿಲ್ಲಿಸಿದ ಹಾಗೆ, ಕೆಲವು ಮಕ್ಕಳಲ್ಲಿ ಅವು ತುದಿ ಮುಟ್ಟುವುದಿಲ್ಲ. ನರಕೋಶ ಇಲ್ಲದ ಆ ಕೊನೆಯ ಭಾಗ ಸಡಿಲವಾಗುವುದೇ ಇಲ್ಲ. ಅದರ ಮೇಲಿನ ಕರುಳು ಉಬ್ಬುತ್ತದೆ. ತಿಂಗಳು ತುಂಬಿ ಹುಟ್ಟಿದ ಆರೋಗ್ಯವಂತ ಮಕ್ಕಳು ಹೆಚ್ಚುಕಡಿಮೆ ಎಲ್ಲರೂ 48 ಗಂಟೆಯೊಳಗೆ ಮೊದಲ ಕಪ್ಪು ಕಕ್ಕ ಮಾಡುತ್ತಾರೆ. ಈ ಮಗು ಮಾಡಿರಲಿಲ್ಲ. ಹೆರಿಗೆ ವಾರ್ಡಿನ ಹಾಳೆಯಲ್ಲಿ ಆ ಒಂದು ಸಾಲು ಇದ್ದಿದ್ದರೆ ಏಳು ವಾರ ಕಾಯಬೇಕಿರಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ.

ಎರಡು ತುಂಡು

ಎನಿಮಾ ಕೊಟ್ಟು ಎಕ್ಸ್‌ರೇ ತೆಗೆದರು. ಕೆಳಗೆ ಸಪೂರ, ಮೇಲೆ ದಪ್ಪ. ಅನುಮಾನ ಗಟ್ಟಿಯಾಯಿತು. ಆದರೆ ಕಾಯಿಲೆ ಇದೆ ಎಂದು ಹೇಳಬೇಕಾದರೆ ಕರುಳಿನ ತುಂಡನ್ನೇ ನೋಡಬೇಕು. ಗುದದ್ವಾರದ ಒಳಗೆ, ಚರ್ಮ ಮುಗಿದು ಕರುಳು ಶುರುವಾಗುವ ಗೆರೆಯಿಂದ 2 ಸೆಂಟಿಮೀಟರಿಗೂ ಮೇಲೆ, ಗಾಳಿ ಎಳೆದು ಸಣ್ಣ ತುಂಡು ಕತ್ತರಿಸುವ ಒಂದು ಸಾಧನ ಉಂಟು. ಅಂಥ ನಳಿಗೆಯೊಂದನ್ನು 1969ರಲ್ಲಿ ಆಸ್ಟ್ರೇಲಿಯಾದ ಹೆಲೆನ್ ನಾಬ್ಲೆಟ್ ಎಂಬ ಮಕ್ಕಳ ಸರ್ಜನ್ ತಂದರು. ಆ ಜಾಗದಲ್ಲಿ ಕತ್ತರಿಸಿದ ನೋವು ತಿಳಿಯುವುದಿಲ್ಲ. ಹಾಗಾಗಿ ಇಷ್ಟು ಸಣ್ಣ ಮಗುವಿಗೆ ಅರಿವಳಿಕೆ ಬೇಡ. ಇದರಿಂದ ಎಷ್ಟೋ ಮಕ್ಕಳು ಬರೀ ತಪಾಸಣೆಗೆಂದು ಆಪರೇಷನ್ ಟೇಬಲ್ ಹತ್ತುವುದು ತಪ್ಪಿತು.

ತುಂಡು ಅಂದರೆ ಸುಮಾರು 3 ಮಿಲಿಮೀಟರ್. ಅದರಲ್ಲಿ ಎರಡು ಪದರ ಇರಬೇಕು. ಮೇಲಿನದು ಲೋಳೆಪದರ. ಅದರ ಕೆಳಗಿನ ಪದರದಲ್ಲಿ ನಾವು ಹುಡುಕುವ ನರಕೋಶ. 1857ರಲ್ಲಿ ಮೈಸ್ನರ್ ಎಂಬವರು ಆ ಪದರದ ನರಜಾಲವನ್ನು ವಿವರಿಸಿದ್ದರು. ಈಗಲೂ ಅವರ ಹೆಸರಿನಲ್ಲೇ ಕರೆಯುತ್ತಾರೆ. ಕೆಳಗಿನ ಪದರ ಸಾಕಷ್ಟು ಬಾರದಿದ್ದರೆ ಆ ತುಂಡಿನಿಂದ ಏನೂ ಹೇಳಲಿಕ್ಕಾಗುವುದಿಲ್ಲ.

ಈ ತುಂಡುಗಳು ಮೊದಲು ಸಿಗುವುದು ನಮ್ಮ ಸೀನಿಯರ್ ಟೆಕ್ನಿಷಿಯನ್ ಕೈಗೆ. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುವುದು. ಮನೆ ಉಪ್ಪಳದಲ್ಲಿ, ದಿನಾ ರೈಲಿನಲ್ಲಿ ಹೋಗಿ ಬರುತ್ತಾರೆ. ತುಂಡನ್ನು ತೆಳ್ಳಗೆ ಕೊಯ್ಯುವ ಯಂತ್ರವಾದ ಮೈಕ್ರೋಟೋಮಿನ ಮುಂದೆ ಕೂತೇ ಅವರ ಅರ್ಧ ಆಯುಷ್ಯ ಕಳೆದಿದೆ. ಕೆಡದಂತೆ ಇಡುವ ದ್ರವ ಫಾರ್ಮಾಲಿನ್‌ನಿಂದ ತೆಗೆದ ತುಂಡನ್ನು ಮೇಣದಲ್ಲಿ ಕೂರಿಸುವಾಗ ಅವರು ಯಾರ ಜೊತೆಯೂ ಮಾತಾಡುವುದಿಲ್ಲ. ಎರಡು ಪದರವೂ ಪಕ್ಕದಿಂದ ಕಾಣುವ ಹಾಗೆ ತುಂಡು ನಿಲ್ಲಬೇಕು. ಅಡ್ಡ ಮಲಗಿತೋ, ಮೇಲಿನ ಪದರ ಮಾತ್ರ ಸಿಗುತ್ತದೆ. ಒಂದು ಸಲ ಮೇಣ ಗಟ್ಟಿಯಾದರೆ ಮತ್ತೆ ಕರಗಿಸಿ ಸರಿ ಮಾಡುವುದು ಇಷ್ಟು ಸಣ್ಣ ತುಂಡಿಗೆ ಒಳ್ಳೆಯದಲ್ಲ. ಆಮೇಲೆ ತುಂಡು ಕೂತ ಆ ಮೇಣದ ಬ್ಲಾಕನ್ನು ಐಸಿನ ಮೇಲಿಟ್ಟು ತಣ್ಣಗೆ ಮಾಡಿ, 4 ಮೈಕ್ರಾನ್ ದಪ್ಪಕ್ಕೆ ಕೊಯ್ಯುತ್ತಾ ಹೋಗುತ್ತಾರೆ. ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕೆ ಮೈಕ್ರಾನ್ ಎನ್ನುವುದು. ಬೇಸಿಗೆಯ ಮಧ್ಯಾಹ್ನ ಮೇಣ ಮೆದುವಾಗಿ ಸೆಕ್ಷನ್, ಅಂದರೆ ಕೊಯ್ದ ತೆಳು ಹಾಳೆ, ಮುದುಡುತ್ತದೆ. ಹಾಗಾಗಿ ಈ ಮಕ್ಕಳ ಬ್ಲಾಕುಗಳನ್ನು ಅಕ್ಕ ಬೆಳಿಗ್ಗೆ ಬಂದ ಕೂಡಲೇ ಕೊಯ್ಯುತ್ತಾರೆ.

ಒಂದೆರಡು ಸ್ಲೈಡ್ ನೋಡಿದರೆ ಸಾಲದು. ನರಕೋಶ ಒಂದೇ ಒಂದು ಕಂಡರೂ ಆ ಜಾಗದಲ್ಲಿ ಇದೆ ಎಂದಾಯಿತು. ಇಲ್ಲ ಎನ್ನಬೇಕಾದರೆ ಮಾತ್ರ ತುಂಡಿನ ಉದ್ದಕ್ಕೂ, ಒಂದರ ಹಿಂದೆ ಒಂದು, ಹತ್ತಾರು ಸೆಕ್ಷನ್ ನೋಡಬೇಕು. ಅದರಲ್ಲೂ ಎಳೆ ಮಕ್ಕಳ ನರಕೋಶ ಸಣ್ಣದು, ಇನ್ನೂ ಬಲಿತಿರುವುದಿಲ್ಲ. ಪಕ್ಕದ ಬೇರೆ ಕೋಶಗಳನ್ನು ನೋಡಿ ಇದೇ ಎಂದು ಮೋಸ ಹೋಗುವುದೂ ಉಂಟು, ಇದಲ್ಲ ಎಂದು ದಾಟಿ ಹೋಗುವುದೂ ಉಂಟು.

ಮೊದಲ ಬ್ಲಾಕಿನ ಸೆಕ್ಷನ್‌ಗಳಿಗೆ ಬಣ್ಣ ಹಾಕಿ ಒಮ್ಮೆ ನೋಡಿದ್ದೇ ಅಕ್ಕ ಪೆಥಾಲಜಿ ಮೇಡಂ, ಅಂದರೆ ಸ್ಲೈಡ್ ನೋಡಿ ರಿಪೋರ್ಟ್ ಬರೆಯುವ ಡಾಕ್ಟರ, ಹತ್ತಿರ ಹೋದರು. "ಮೇಡಂ, ಇದು ಕೆಳಗಿನದ್ದು. ಒಂದು ಬದಿಯಲ್ಲಿ ಚರ್ಮದ ಜಾತಿಯ ಪದರ ಕಾಣ್ತಾ ಉಂಟು." ಮೇಡಂ ನೋಡಿದರು, ಹೌದು. ಗುದದ್ವಾರಕ್ಕೆ ತೀರ ಹತ್ತಿರದ ಜಾಗದಲ್ಲಿ ಆರೋಗ್ಯವಂತ ಮಕ್ಕಳಲ್ಲೂ ನರಕೋಶ ಕಡಿಮೆ. ಅಲ್ಲಿ ಕಾಣಲಿಲ್ಲ ಎಂದರೆ ಅದಕ್ಕೆ ಅರ್ಥವಿಲ್ಲ. ಎರಡನೇ ತುಂಡು ಸರಿಯಾದ ಎತ್ತರದ್ದೇ, ಆದರೆ ಕೆಳಗಿನ ಪದರ ಬಂದೇ ಇರಲಿಲ್ಲ. ಅಕ್ಕ ಬ್ಲಾಕ್ ಮುಗಿಯುವ ತನಕ ಕೊಯ್ದರು. ಪ್ರತಿ ಸೆಕ್ಷನ್ನನ್ನೂ ನೋಡಿದರು. ನರಕೋಶ ಎಲ್ಲೂ ಕಾಣಲಿಲ್ಲ.

ಒತ್ತಡ

ಈಗ ಪರಿಸ್ಥಿತಿ ನೋಡಿ. ಹೆರಿಗೆಯ ಕತೆ ಆ ಕಾಯಿಲೆಯದ್ದೇ. ಅಜ್ಜಿಯ ತೊಟ್ಟು ಹೇಳಿದ್ದೂ ಅದೇ. ಎಕ್ಸ್‌ರೇ ಹೇಳಿದ್ದೂ ಅದೇ. ಎರಡು ತುಂಡಿನಲ್ಲೂ ನರಕೋಶ ಕಂಡಿಲ್ಲ. ಆ ವಾರ ಆಪರೇಷನ್‌ಗೆ ಒಂದು ದಿನ ಖಾಲಿ ಇತ್ತು. ಅದು ತಪ್ಪಿದರೆ ಮತ್ತೆ ಕಾಯಬೇಕು. ಸರ್ಜನ್ ಫೋನ್ ಮಾಡಿದರು. ಮಗುವಿನ ಅಪ್ಪ ಕೂಲಿ ಬಿಟ್ಟು ಕಾರಿಡಾರಿನಲ್ಲಿ ಕೂತಿದ್ದರು. "ನರಕೋಶ ಕಾಣುವುದಿಲ್ಲ, ಕಾಯಿಲೆಗೆ ಹೊಂದುತ್ತದೆ" ಎಂದು ಬರೆದಿದ್ದರೆ ಅದರಲ್ಲಿ ಸುಳ್ಳಿನ ಒಂದಕ್ಷರವೂ ಇರುತ್ತಿರಲಿಲ್ಲ.

ಮೇಡಂ ಬರೆಯಲಿಲ್ಲ. ಸರ್ಜನ್‌ಗೆ ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಎಕ್ಸ್‌ರೇ ಹೇಳಿದ್ದನ್ನು ನಾನು ಮತ್ತೊಮ್ಮೆ ಹೇಳಿದರೆ ನಿಮಗೆ ಎರಡು ಸಾಕ್ಷಿ ಸಿಕ್ಕಿದ ಹಾಗೆ ಕಾಣ್ತದೆ. ಇರುವುದು ಒಂದೇ." ಸರ್ಜನ್ ಒಂದು ಕ್ಷಣ ಸುಮ್ಮನಿದ್ದು, ಸರಿ, ಮತ್ತೆ ತೆಗೆಯುವ ಎಂದರು.

ಈ ಮಾತಿನ ಭಾರ ಗೊತ್ತಾಗಬೇಕಾದರೆ ಆಪರೇಷನ್ ಏನೆಂದು ತಿಳಿಯಬೇಕು. ನರಕೋಶ ಇಲ್ಲದ ಕರುಳಿನ ಭಾಗವನ್ನು ಕತ್ತರಿಸಿ ತೆಗೆದು, ಒಳ್ಳೆಯ ಭಾಗವನ್ನು ಕೆಳಗೆ ಎಳೆದು ಜೋಡಿಸುತ್ತಾರೆ. ಆರ್ವಾರ್ ಸ್ವೆನ್ಸನ್ ಮತ್ತು ಜೊತೆಯವರು 1948ರಲ್ಲಿ ತೋರಿಸಿದ ದಾರಿ ಅದು. ಅದಕ್ಕೂ ಮುಂಚೆ ಈ ಮಕ್ಕಳಿಗೆ ಗುಣವಾಗುವ ಚಿಕಿತ್ಸೆಯೇ ಇರಲಿಲ್ಲ. ಆದರೆ ಕತ್ತರಿಸಿದ ಕರುಳು ವಾಪಸ್ ಬರುವುದಿಲ್ಲ. ಕಾಯಿಲೆ ಇಲ್ಲದ ಮಗುವಿಗೆ ಇದನ್ನು ಮಾಡಿದರೆ ಜೀವನಪೂರ್ತಿ ಅದರ ತೊಂದರೆ ಉಳಿಯುತ್ತದೆ. ಮಲಬದ್ಧತೆ ಬೇರೆ ಕಾರಣಕ್ಕೂ ಬರುತ್ತದೆ. ಥೈರಾಯ್ಡ್ ಕಡಿಮೆ ಇದ್ದರೂ ಎಳೆ ಮಗುವಿಗೆ ಹೀಗೇ ಆಗಬಹುದು. ಎಳೆ ಮಕ್ಕಳ ಎಕ್ಸ್‌ರೇ ಕೆಲವು ಸಲ ದಾರಿ ತಪ್ಪಿಸುತ್ತದೆ.

ಲ್ಯಾಬ್ ಸರಿ ಮಾಡಿತು. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಸರಿ ಮಾಡಿದ್ದನ್ನು ಮನೆಯವರಿಗೆ ಮುಟ್ಟಿಸಿದ ರೀತಿ ಸರಿ ಇರಲಿಲ್ಲ. ರಿಪೋರ್ಟ್ ಹೊರಟದ್ದು ಒಂದೇ ಸಾಲಿನಲ್ಲಿ: ಮಾದರಿ ಸಾಕಷ್ಟು ಇಲ್ಲ, ಮತ್ತೆ ಕಳಿಸಿ. ಕೌಂಟರಿನಲ್ಲಿ ಅದನ್ನು ಕೊಟ್ಟವರು "ಸ್ಯಾಂಪಲ್ ಸರಿ ಆಗ್ಲಿಲ್ಲ" ಎಂದರು. ಅಷ್ಟು ಸಾಕಾಯಿತು. ಊರಿಂದ ಬಂದಿದ್ದ ಮಗುವಿನ ಸೋದರಮಾವ ಎದ್ದು ನಿಂತರು. "ಎಂತ ಮಾರ್ರೆ, ತೆಗೆದದ್ದನ್ನು ಕಳಕೊಂಡ್ರಾ ನೀವು? ಇನ್ನೊಮ್ಮೆ ಮಗುವಿನ ಮೈಗೆ ಕೈ ಹಾಕ್ಲಿಕ್ಕೆ ಬಿಡುದಿಲ್ಲ." ಅಮ್ಮ ಬಾಯಿ ತೆರೆಯಲಿಲ್ಲ. ಮಗುವನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೇ ಬಿಡುವ ಹಾಗೆ ಇದ್ದರು.

ನಾನು ಮೇಡಂ ಹತ್ತಿರ ಕೇಳಿದೆ, ಅವರನ್ನು ಒಳಗೆ ಕರೆಯಬಹುದಾ ಎಂದು. ರೋಗಿಯ ಮನೆಯವರು ಲ್ಯಾಬಿನೊಳಗೆ ಬರುವ ಪದ್ಧತಿ ಇಲ್ಲ. ಮೇಡಂ ಸ್ವಲ್ಪ ಯೋಚಿಸಿ, ಇಬ್ಬರು ಒಟ್ಟಿಗೆ ನೋಡಬಹುದಾದ ಮೈಕ್ರೋಸ್ಕೋಪ್ ಇರುವ ಕೋಣೆಗೆ ಕರೆತರಲು ಹೇಳಿದರು. ಸೋದರಮಾವ, ಅಪ್ಪ, ಅಜ್ಜಿ ಬಂದರು. ತೋರಿಸಿದ್ದು ಅಕ್ಕ. ಮೊದಲು ಬೇರೆ ಒಂದು ಆರೋಗ್ಯವಂತ ಕರುಳಿನ ಸ್ಲೈಡ್ ಇಟ್ಟು, "ಇಲ್ಲಿ ನೋಡಿ ಅಣ್ಣ, ಇದು ನರಕೋಶ" ಎಂದರು. ಆಮೇಲೆ ಈ ಮಗುವಿನದ್ದು. "ಇಲ್ಲಿ ಕೆಳಗಿನ ಪದರವೇ ಇಲ್ಲ ನೋಡಿ. ಅದು ಇಲ್ಲದೆ ಕೋಶ ಉಂಟಾ ಇಲ್ವಾ ಅಂತ ನಾನು ಹೇಗೆ ಹೇಳ್ಲಿ? ಹೇಳಿದ್ರೆ ನಿಮ್ಮ ಮಗುವಿನ ಹೊಟ್ಟೆಗೆ ಕತ್ತರಿ ಹಾಕ್ತಾರೆ." ಇದನ್ನು ಅವರು ತುಳುವಿನಲ್ಲೇ ಹೇಳಿದರು. ಸೋದರಮಾವ ತುಂಬ ಹೊತ್ತು ಕಣ್ಣು ತೆಗೆಯಲಿಲ್ಲ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ, "ಈ ಸಲ ಸರಿಯಾಗಿ ಬರ್ತದೆ ಅಂತ ಗ್ಯಾರಂಟಿ ಉಂಟಾ?" ಅಕ್ಕ ಗ್ಯಾರಂಟಿ ಕೊಡಲಿಲ್ಲ. ಮೂರು ತುಂಡು ತೆಗೆಯಲು ಹೇಳುತ್ತೇವೆ, ತೆಗೆಯುವಾಗ ನಾನೇ ಪಕ್ಕದಲ್ಲಿದ್ದು ಕೆಳಗಿನ ಪದರ ಬಂದಿದೆಯಾ ಎಂದು ನೋಡಿಕೊಳ್ಳುತ್ತೇನೆ ಎಂದರು. ಅದಕ್ಕೆ ಅವರು ಒಪ್ಪಿದರು.

ನಡುವಿನ ದಿನಗಳು

ಎರಡನೇ ಬಯಾಪ್ಸಿಗೆ, ಅಂದರೆ ಮತ್ತೆ ತುಂಡು ತೆಗೆಯಲು, ಕೆಲವು ದಿನ ಬಿಡಬೇಕಿತ್ತು. ಅಷ್ಟರವರೆಗೆ ಕರುಳು ಕಟ್ಟಿಕೊಂಡು ಕೂರಲು ಬಿಡುವಂತಿಲ್ಲ. ಈ ಕಾಯಿಲೆಯಲ್ಲಿ ಮಕ್ಕಳ ಜೀವ ತೆಗೆಯುವುದು ಮಲಬದ್ಧತೆ ಅಲ್ಲ, ಅದರಿಂದ ಕರುಳಿಗೆ ಬರುವ ಉರಿಯೂತ. ಜ್ವರ, ಬಿಗಿದ ಹೊಟ್ಟೆ, ಕೆಟ್ಟ ವಾಸನೆಯ ನೀರಾದ ಭೇದಿ. ಇದನ್ನು ತಡೆಯಲು ಕರುಳನ್ನು ತೊಳೆಯುವುದನ್ನು ಅಮ್ಮನಿಗೆ ಕಲಿಸಿದರು. ಮೆದುವಾದ ರಬ್ಬರ್ ನಳಿಗೆ, ಉಗುರು ಬೆಚ್ಚಗಿನ ಸಲೈನ್. ಮಗುವಿನ ತೂಕದ ಕಿಲೋಗೆ 10ರಿಂದ 20 ಮಿಲಿಲೀಟರ್ ಲೆಕ್ಕ. ಸ್ವಲ್ಪ ಸ್ವಲ್ಪ ಬಿಡುವುದು, ಅದು ಹೊರಗೆ ಬರುವ ತನಕ ಕಾಯುವುದು. ಹಾಕಿದಷ್ಟು ವಾಪಸ್ ಬಂತಾ ಎಂದು ನೋಡುವುದು. ಬರೀ ನೀರು ಹಾಕಲೇಬಾರದು. ಕರುಳು ಅದನ್ನು ಹೀರಿಕೊಂಡು ರಕ್ತದ ಉಪ್ಪಿನಂಶ ಇಳಿದರೆ ಮಗುವಿಗೆ ಫಿಟ್ಸ್ ಬರಬಹುದು.

ನಾನು ಪೆರ್ಲದ ಮನೆಗೆ ಹೋದಾಗ ಅಮ್ಮ ತೊಳೆಯುತ್ತಿದ್ದರು, ಅಜ್ಜಿ ಮಗುವಿನ ಕಾಲು ಹಿಡಿದಿದ್ದರು. ಸಲೈನ್ ಬಾಟಲಿಯನ್ನು ಬಿಸಿನೀರಿನ ಚೆಂಬಿನಲ್ಲಿ ಇಟ್ಟಿದ್ದರು. ಎಷ್ಟು ಹೋಯಿತು, ಎಷ್ಟು ಬಂತು ಎಂಬುದನ್ನು ಅಮ್ಮ ಕ್ಯಾಲೆಂಡರಿನ ಹಾಳೆಯಲ್ಲಿ ಕನ್ನಡದಲ್ಲಿ ಬರೆದಿದ್ದರು. ಅಷ್ಟು ಅಚ್ಚುಕಟ್ಟು ದಾಖಲೆ ನಮ್ಮ ಲ್ಯಾಬಿನಲ್ಲೂ ಎಲ್ಲ ದಿನ ಇರುವುದಿಲ್ಲ. ತೊಳೆಯುವುದನ್ನು ಮನೆಯಲ್ಲೇ ಕಲಿಸಬೇಕು ಎಂಬ ನಮ್ಮ ಹಟಕ್ಕೆ ಇನ್ನೊಂದು ಕಾರಣ ಇದೆ. 2020ರ ಮಾರ್ಚ್ ಕೊನೆಯಲ್ಲಿ, ಕೊರೋನಾ ಲಾಕ್‌ಡೌನಿನಲ್ಲಿ, ಕೇರಳ-ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಮಂಗಳೂರಿಗೆ ಹೋಗಲಾಗದೆ ಪಟ್ಟ ಪಾಡು ಇಲ್ಲಿ ಯಾರಿಗೂ ಮರೆತಿಲ್ಲ. ಈ ಊರಿನ ಮಗುವಿನ ಚಿಕಿತ್ಸೆಯ ಒಂದು ಭಾಗವಾದರೂ ಗಡಿಯ ಈಚೆ ಇರಬೇಕು.

ಆ ದಿನ ಅಜ್ಜಿ ಕೇಳಿದರು, "ಇದು ಎಂಡೋಸಲ್ಫಾನಿನಿಂದ ಆದದ್ದಾ?"

ಎಣ್ಮಕಜೆಯಲ್ಲಿ ಈ ಪ್ರಶ್ನೆ ಬರದೇ ಇರುವುದಿಲ್ಲ. ಪಡ್ರೆಯ ಗುಡ್ಡಗಳ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಮದ್ದು ಬಿಟ್ಟದ್ದನ್ನು ಕಂಡ ತಲೆಮಾರು ಅವರದ್ದು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಲ್ಲಿಸಿತು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳು ಮಲಗಿದಲ್ಲೇ ಬೆಳೆದಿದ್ದರು. ಅಜ್ಜಿಯ ಪ್ರಶ್ನೆಯನ್ನು ಸುಮ್ನೆ ತಳ್ಳಿ ಹಾಕುವ ಹಕ್ಕು ಯಾರಿಗೂ ಇಲ್ಲ. ನಾನು ಅದನ್ನು ಹಾಗೆಯೇ ಲ್ಯಾಬಿಗೆ ಒಯ್ದೆ. ಮೇಡಂ ಹೇಳಿದ ಉತ್ತರವನ್ನು ಅಜ್ಜಿಗೆ ತಲುಪಿಸಿದೆ. ಸ್ಲೈಡ್ ನೋಡಿ ಕೋಶ ಇದೆಯಾ ಇಲ್ಲವಾ ಎಂದು ಹೇಳಬಹುದು. ಯಾಕೆ ಬರಲಿಲ್ಲ ಎಂಬುದು ಅದರಲ್ಲಿ ಬರೆದಿರುವುದಿಲ್ಲ. ಈ ಕಾಯಿಲೆ ಮದ್ದು ಕಾಣದ ಊರುಗಳಲ್ಲೂ, ದೇಶಗಳಲ್ಲೂ ಬರುತ್ತದೆ. ಒಂದು ಮಗುವನ್ನು ಹಿಡಿದು ಇದರಿಂದಲೇ ಎಂದಾಗಲಿ, ಇದರಿಂದ ಅಲ್ಲವೇ ಅಲ್ಲ ಎಂದಾಗಲಿ ಲ್ಯಾಬ್ ಹೇಳಿದರೆ ಅದು ಸುಳ್ಳಾಗುತ್ತದೆ. ಅಜ್ಜಿಗೆ ಈ ಉತ್ತರ ಸಾಕಾಗಲಿಲ್ಲ. ಸಾಕಾಗಬೇಕು ಎಂದು ನಾನೂ ಒತ್ತಾಯಿಸಲಿಲ್ಲ.

ಮೂರು ತುಂಡು

ಎರಡನೇ ಸಲ ಅಕ್ಕ ಮಾತಿನಂತೆ ಪಕ್ಕದಲ್ಲೇ ಇದ್ದರು. ಕೈಯಲ್ಲಿ ಭೂತಗನ್ನಡಿ. ಮೊದಲ ತುಂಡಿನ ಅಡಿಯಲ್ಲಿ ಬೆಳ್ಳಗಿನ ಪದರ ಕಂಡಿತು. ಎರಡನೆಯದರಲ್ಲಿ ಕಡಿಮೆ. ಮೂರನೆಯದರಲ್ಲಿ ಧಾರಾಳ. ಎರಡು ಫಾರ್ಮಾಲಿನ್‌ಗೆ ಹೋದವು. ಒಂದನ್ನು ಸಲೈನಿನಲ್ಲಿ ಒದ್ದೆ ಮಾಡಿ ಹಿಂಡಿದ ಗಾಜ್ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಐಸ್ ಪೆಟ್ಟಿಗೆಯಲ್ಲಿ ನಮ್ಮ ಅಟೆಂಡರ್ ಅಣ್ಣ ಲ್ಯಾಬಿಗೆ ತಂದರು. ಅದನ್ನು ಫ್ರೀಜ್ ಮಾಡಿಯೇ ಕೊಯ್ಯಬೇಕು, ಫಾರ್ಮಾಲಿನ್‌ಗೆ ಹಾಕಿದರೆ ನಾವು ನೋಡಬೇಕಾದ ಕಿಣ್ವ ಹಾಳು. ಅಟೆಂಡರ್ ಅಣ್ಣ ಲಿಫ್ಟಿಗೆ ಕಾಯುವುದಿಲ್ಲ, ಮೆಟ್ಟಿಲು ಇಳಿದೇ ಬರುತ್ತಾರೆ. ತುಂಡು ಒಣಗಿದರೆ ಮಗುವಿಗೆ ಮತ್ತೊಮ್ಮೆ ಬಯಾಪ್ಸಿ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಉತ್ತರ ಸ್ಪಷ್ಟವಾಗಿ ಬಂತು. ಕೆಳಗಿನ ಪದರ ಚೆನ್ನಾಗಿ ಸಿಕ್ಕ ಎರಡು ತುಂಡುಗಳಲ್ಲೂ, ಎಲ್ಲ ಸೆಕ್ಷನ್‌ಗಳಲ್ಲೂ ನರಕೋಶ ಇರಲಿಲ್ಲ. ಬದಲಿಗೆ ದಪ್ಪಗಿನ ನರದ ಎಳೆಗಳಿದ್ದವು, 40 ಮೈಕ್ರಾನಿಗಿಂತಲೂ ಅಗಲ. ಕ್ಯಾಲ್ರೆಟಿನಿನ್ ಎಂಬ ಪ್ರೋಟೀನಿಗೆ ಅಂಟುವ ಬಣ್ಣ ಹಾಕಿದರು. ಆರೋಗ್ಯವಂತ ಕರುಳಿನಲ್ಲಿ ಸಪೂರ ನರಗಳು ಕಂದಾಗಿ ಕಾಣುತ್ತವೆ, ಇಲ್ಲಿ ಏನೂ ಕಾಣಲಿಲ್ಲ. ಫ್ರೀಜ್ ಮಾಡಿದ ತುಂಡಿನ ಕಿಣ್ವ ಪರೀಕ್ಷೆಯೂ ಅದನ್ನೇ ಹೇಳಿತು. ಮೇಡಂ ಆ ಸಂಜೆಯೇ ರಿಪೋರ್ಟ್ ಬರೆದರು. ಈ ಸಲ ಅದನ್ನು ಕೌಂಟರಿಗೆ ಕಳಿಸಲಿಲ್ಲ. ಸರ್ಜನ್, ಮೇಡಂ ಇಬ್ಬರೂ ಕೂತು ಮನೆಯವರಿಗೆ ಹೇಳಿದರು.

ಉಳಿದ ತುಂಡು ಯಾರದ್ದು?

ನಮ್ಮದು ಸಂಶೋಧನೆಯ ಲ್ಯಾಬ್ ಕೂಡ ಹೌದು. ತಪಾಸಣೆ ಮುಗಿದ ಮೇಲೆ ಉಳಿದ ತುಂಡನ್ನು, ಮಗುವಿನ ಮತ್ತು ಅಪ್ಪ ಅಮ್ಮನ ರಕ್ತವನ್ನು ಇಟ್ಟುಕೊಳ್ಳಬಹುದಾ ಎಂದು ಕೇಳುವುದು ನನ್ನ ಪಾಲಿನ ಕೆಲಸ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯ ಪ್ರಕಾರ ಇದಕ್ಕೆ ಬೇರೆಯೇ ಒಪ್ಪಿಗೆ ಬೇಕು, ಅದೂ ಅವರಿಗೆ ಅರ್ಥವಾಗುವ ಭಾಷೆಯಲ್ಲಿ. ಕೊಡುವುದಿಲ್ಲ ಎಂದರೆ ಚಿಕಿತ್ಸೆಯಲ್ಲಿ ಒಂದಿಷ್ಟೂ ವ್ಯತ್ಯಾಸ ಆಗಬಾರದು. ರೋಗದ ಸುದ್ದಿ ಕೇಳಿದ ದಿನವೇ ಈ ಪತ್ರ ಮುಂದಿಡುವವರೂ ಇದ್ದಾರೆ. ಅದು ತಪ್ಪೆಂದು ನನ್ನ ಗಟ್ಟಿ ಅಭಿಪ್ರಾಯ. ಆ ದಿನ ಅಪ್ಪ ಅಮ್ಮ ಏನು ಕೊಟ್ಟರೂ ಸಹಿ ಹಾಕುತ್ತಾರೆ. ನಾನು ಪತ್ರವನ್ನು ಮನೆಗೆ ಕೊಟ್ಟು ಕಳಿಸಿದೆ. ಅಮ್ಮ ಓದಿ, ಪೆನ್ನಿನಲ್ಲಿ ಗೆರೆ ಎಳೆದುಕೊಂಡು ಬಂದರು. ಅವರ ಪ್ರಶ್ನೆ ಒಂದೇ. ಇನ್ನೊಂದು ಮಗು ಆದರೆ ಅದಕ್ಕೂ ಬರುತ್ತದಾ?

ಅದಕ್ಕೆ ಉತ್ತರ ಹೇಳಲು ಕೂತದ್ದು ನಮ್ಮ ರಿಸರ್ಚ್ ಫೆಲೋ. ತಮಿಳುನಾಡಿನ ತಾಳವಾಡಿ ಕಡೆಯ ಹುಡುಗ, ಮನೆಮಾತು ಕನ್ನಡ. ಅವನ ಕೆಲಸ ರಕ್ತದಿಂದ ಡಿಎನ್‌ಎ ತೆಗೆದು ಓದುವುದು. ಆರ್‌ಇಟಿ ಎಂಬ ಜೀನ್‌ಗೂ ಈ ಕಾಯಿಲೆಗೂ ಸಂಬಂಧ ಇದೆ ಎಂದು 1994ರಲ್ಲೇ ಗೊತ್ತಾಗಿದೆ. ಅದಲ್ಲದೆ ಬೇರೆ ಜೀನ್‌ಗಳೂ ಇವೆ. "ಅಕ್ಕ, ಬೇರೆಯವರಿಗಿಂತ ನಿಮ್ಮ ಮುಂದಿನ ಮಗುವಿಗೆ ಸಾಧ್ಯತೆ ಜಾಸ್ತಿ, ಅದು ನಿಜ. ಆದರೂ ಬಾರದೇ ಇರುವ ಸಾಧ್ಯತೆಯೇ ದೊಡ್ಡದು. ಕರುಳಿನ ಎಷ್ಟು ಉದ್ದಕ್ಕೆ ಕೋಶ ಇಲ್ಲವೋ ಅದರ ಮೇಲೆ ಇದು ಬದಲಾಗ್ತದೆ. ಆಪರೇಷನ್ ಆದ ಮೇಲೆ ಇನ್ನೂ ಸರಿಯಾಗಿ ಹೇಳ್ತೇನೆ" ಎಂದ. ಅವರು ಮೂವರ ರಕ್ತಕ್ಕೂ ಒಪ್ಪಿ ಸಹಿ ಹಾಕಿದರು.

ಆಪರೇಷನ್ ದಿನ

ಆಪರೇಷನ್ ಕೆಳಗಿನಿಂದಲೇ, ಗುದದ್ವಾರದ ಮೂಲಕ, ಮಾಡಿದರು. ಎಷ್ಟು ಕತ್ತರಿಸಬೇಕು ಎಂದು ಹೇಳುವುದು ಮತ್ತೆ ಲ್ಯಾಬಿನವರು. ಸರ್ಜನ್ ಮೇಲಿನಿಂದ ಒಂದು ತುಂಡು ತೆಗೆದು ಕಳಿಸುತ್ತಾರೆ. ಕ್ರಯೋಸ್ಟ್ಯಾಟ್ ಎಂಬ ಯಂತ್ರದೊಳಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಅದನ್ನು ಗಟ್ಟಿ ಮಾಡಿ ಕೊಯ್ದು, ಬಣ್ಣ ಹಾಕಿ, ಅರ್ಧ ಗಂಟೆಯೊಳಗೆ ಉತ್ತರ ಹೇಳಬೇಕು. ಅಲ್ಲಿ ಮಗು ಅರಿವಳಿಕೆಯಲ್ಲಿ ಮಲಗಿರುತ್ತದೆ.

ಮೊದಲ ತುಂಡು: ಕೋಶ ಇಲ್ಲ. ಎರಡನೆಯದು ಇನ್ನೂ ಮೇಲಿನದು. ಅದರಲ್ಲಿ ನರಕೋಶ ಕಂಡಿತು. ಜೂನಿಯರ್ ಟೆಕ್ನಿಷಿಯನ್ ಖುಷಿಯಿಂದ ಫೋನಿಗೆ ಕೈ ಹಾಕಿದಳು. ಮೇಡಂ ತಡೆದರು. ಕೋಶ ಇದೆ, ಆದರೆ ನರಗಳು ಇನ್ನೂ ದಪ್ಪ. ಇದು ನಡುವಿನ ಜಾಗ, ಅರ್ಧ ಸರಿ ಅರ್ಧ ಸರಿಯಿಲ್ಲ. ಇಲ್ಲಿ ಜೋಡಿಸಿದರೆ ಮಗುವಿಗೆ ಮತ್ತೆ ಅದೇ ತೊಂದರೆ, ಬಹುಶಃ ಮತ್ತೆ ಆಪರೇಷನ್. "ಇನ್ನೂ ಮೇಲೆ ಹೋಗಿ" ಎಂದು ಹೇಳಿಸಿದರು. ಮೂರನೆಯದರಲ್ಲಿ ಕೋಶಗಳೂ ಸರಿ, ನರಗಳೂ ಸರಿ. ಕತ್ತರಿಸಿದ ಮೇಲೆ ಮೇಲಿನ ತುದಿಯ ಪೂರ್ತಿ ಸುತ್ತನ್ನು ಒಂದು ಉಂಗುರವಾಗಿ ತೆಗೆದು ಅದನ್ನೂ ನೋಡಿದರು. ಕೋಶ ನಿಂತುಹೋದ ಗಡಿ ಸುತ್ತಲೂ ಒಂದೇ ಮಟ್ಟದಲ್ಲಿ ಇರುವುದಿಲ್ಲ, ಒಂದು ಬದಿಯಲ್ಲಿ ಕೆಳಗಿಳಿದು ಇನ್ನೊಂದು ಬದಿಯಲ್ಲಿ ಮೇಲೇರಿರಬಹುದು. ಇಲ್ಲಿ ಸುತ್ತಲೂ ಸರಿ ಇತ್ತು. ಹೆಚ್ಚಿನ ಮಕ್ಕಳಂತೆ ಈ ಮಗುವಿಗೂ ಬಾಧಿತವಾದದ್ದು ಕರುಳಿನ ಕೊನೆಯ ಸಣ್ಣ ಭಾಗ ಮಾತ್ರ.

ಆಮೇಲೆ

ಆಪರೇಷನ್ ಆದರೆ ಎಲ್ಲ ಮುಗಿಯಿತು ಎಂದುಕೊಳ್ಳುವವರು ತುಂಬ. ಮೊದಲ ತಿಂಗಳುಗಳಲ್ಲಿ ಮಗು ದಿನಕ್ಕೆ ಹತ್ತಾರು ಸಲ ಕಕ್ಕ ಮಾಡುತ್ತಿತ್ತು. ಹಿಂಭಾಗದ ಚರ್ಮ ಕೆಂಪಾಗಿ ಸುಲಿದು ಹೋಗಿತ್ತು. ಸತುವಿನ ಕ್ರೀಮ್ ದಪ್ಪಗೆ ಹಚ್ಚುವುದು, ಉಜ್ಜದೆ ನೀರಲ್ಲಿ ತೊಳೆಯುವುದು, ಸ್ವಲ್ಪ ಹೊತ್ತು ಗಾಳಿಗೆ ಬಿಡುವುದು. ಅಮ್ಮನಿಗೆ ನಿದ್ದೆ ಇರಲಿಲ್ಲ.

ಉರಿಯೂತದ ಅಪಾಯ ಆಪರೇಷನ್ ಆದ ಮೇಲೂ ಇರುತ್ತದೆ. ಈ ಪ್ರಕರಣದ ನಂತರ ಲ್ಯಾಬಿನವರೇ ಹಟ ಮಾಡಿ ಒಂದು ಕಾರ್ಡ್ ಮಾಡಿಸಿದರು. ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ. ಮಗುವಿಗೆ ಯಾವ ಕಾಯಿಲೆ, ಯಾವ ಆಪರೇಷನ್, ಹೊಟ್ಟೆ ಬಿಗಿದು ಜ್ವರ ಬಂದು ಕೆಟ್ಟ ವಾಸನೆಯ ಭೇದಿಯಾದರೆ ಮಾಮೂಲಿ ಭೇದಿ ಎಂದು ಒಆರ್‌ಎಸ್ ಕೊಟ್ಟು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಕೂಡಲೇ ಕಳಿಸಿ ಎಂದು ಅದರಲ್ಲಿದೆ. ಮಳೆಗಾಲದ ಒಂದು ರಾತ್ರಿ ಆ ಕಾರ್ಡ್ ಕೆಲಸಕ್ಕೆ ಬಂತು. ಹತ್ತಿರದ ಕ್ಲಿನಿಕ್ಕಿನಲ್ಲಿ ಮೊದಲು ಭೇದಿಯ ಔಷಧಿ ಬರೆದರು. ಅಪ್ಪ ಕಾರ್ಡ್ ತೋರಿಸಿದರು. ಅದನ್ನು ಓದಿದ ಯುವ ಡಾಕ್ಟರು ಡ್ರಿಪ್ ಹಾಕಿ, ಆಂಟಿಬಯಾಟಿಕ್ ಶುರು ಮಾಡಿ, ತಾವೇ ಮಂಗಳೂರಿಗೆ ಫೋನ್ ಮಾಡಿ ಕಳಿಸಿದರು. ಅಡ್ಕಸ್ಥಳ, ವಿಟ್ಲ, ಕಲ್ಲಡ್ಕ ದಾಟಿ ಬೆಳಗಾಗುವ ಮೊದಲೇ ಮಗು ವಾರ್ಡಿನಲ್ಲಿತ್ತು. ನಾಲ್ಕೈದು ದಿನದಲ್ಲಿ ಸುಧಾರಿಸಿಕೊಂಡಿತು.

ಲ್ಯಾಬಿನಲ್ಲೂ ಎರಡು ಬದಲಾವಣೆ ಆಯಿತು. ತುಂಡಿನ ಜೊತೆ ಬರುವ ಚೀಟಿಯಲ್ಲಿ ಈಗ ಮೊದಲ ಕಕ್ಕ ಯಾವಾಗ, ಮನೆಯಲ್ಲಿ ತೊಟ್ಟು ಇಟ್ಟಾಗ ಹೇಗೆ ಬಂತು, ಎಷ್ಟು ಎತ್ತರದಿಂದ ತೆಗೆದ ತುಂಡು ಎಂದು ಬರೆಯಲೇಬೇಕು. ಮಾದರಿ ಸಾಲದು ಎಂಬ ರಿಪೋರ್ಟ್ ಹೊರಡುವ ಮೊದಲು ನನಗೋ, ಅಕ್ಕನಿಗೋ ತಿಳಿಸಬೇಕು. ನಾವು ಮನೆಯವರ ಜೊತೆ ಕೂತು ಹೇಳಿದ ಮೇಲೆಯೇ ಕಾಗದ ಕೊಡುವುದು. ಇದರಿಂದ ಅರ್ಧ ದಿನ ತಡವಾಗುತ್ತದೆ ಎಂದು ಆಕ್ಷೇಪ ಬಂತು. ಬರಲಿ. ಸಿಟ್ಟಿನಲ್ಲಿ ಮಗುವನ್ನು ಎತ್ತಿಕೊಂಡು ಹೋಗಿ ತಿಂಗಳುಗಟ್ಟಲೆ ಬಾರದಿರುವುದಕ್ಕಿಂತ ಅರ್ಧ ದಿನ ದೊಡ್ಡದೇನಲ್ಲ.

ಮೂವರ ಡಿಎನ್‌ಎ ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಇದೆ. ಸಾಕಷ್ಟು ಕುಟುಂಬಗಳ ಮಾದರಿ ಸೇರಿದ ಮೇಲೆ ಒಟ್ಟಿಗೆ ಓದಿಸುವುದು ಕ್ರಮ. ಬಾಧಿತವಾದ ಭಾಗ ಗಿಡ್ಡ ಇದ್ದದ್ದರಿಂದ ಮುಂದಿನ ಮಗುವಿಗೆ ಅಪಾಯ ಕಡಿಮೆ ಎಂದು ತಾಳವಾಡಿಯ ಹುಡುಗ ಮಾತಿನಂತೆ ಬಂದು ಹೇಳಿದ್ದಾನೆ. ಜೀನ್‌ನ ರಿಪೋರ್ಟ್ ಬರಲಿಲ್ಲವಾ ಎಂದು ಅಮ್ಮ ಪ್ರತಿ ಸಲ ಕೇಳುತ್ತಾರೆ. ಬಂದಿಲ್ಲ, ಬಂದ ದಿನ ನಾನೇ ಫೋನ್ ಮಾಡುತ್ತೇನೆ ಎನ್ನುತ್ತಾನೆ. ಮಗು ಈಗ ಅಂಗಳ ತುಂಬ ಓಡಾಡುತ್ತದೆ, ತೂಕ ವಯಸ್ಸಿಗೆ ತಕ್ಕಷ್ಟು ಬಂದಿದೆ. ಅಂಗನವಾಡಿಗೆ ಸೇರಿಸುವ ಮೊದಲು ಒಂದು ಭೇಟಿ ಇಟ್ಟುಕೊಂಡಿದ್ದೇವೆ. ಕಕ್ಕ ಬರುವುದು ತಾನಾಗಿ ಗೊತ್ತಾಗುತ್ತದಾ, ತಡೆದುಕೊಳ್ಳಲು ಆಗುತ್ತದಾ ಎಂದು ಆಗ ನೋಡಬೇಕು. ಅಂಗನವಾಡಿಯ ಟೀಚರ್ ಹತ್ತಿರವೂ ಒಂದು ಕಾರ್ಡ್ ಇರಲಿ ಎಂದು ಅಜ್ಜಿ ಹೇಳಿದ್ದಾರೆ. ಅದನ್ನು ಕೊಟ್ಟು ಬರುವ ಕೆಲಸ ನನ್ನದು.